ಹಿಮ್ಮಡಿ ಒಡಕಿಗೆ ಮುರುಗಲು ತುಪ್ಪ ಸಾಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕಾಲು ಒಡೆಯೋದರ ಬಗ್ಗೆಯೇ ಜಾಸ್ತಿ. ಘಟ್ಟದ ಮೇಲಿನವರದ್ದೂ ಇದೆ, ಕರಾವಳಿಯವರದ್ದೂ ಇದೆ, ಹಾಗಾಗಿ ಒಟ್ಟಿಗೇ ತಗೊಂಡಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡಿ ರಿಟೈರ್ ಆದವಳು ನಾನು, ಡ್ರೆಸ್ಸಿಂಗ್ ರೂಮಿನಲ್ಲಿ ಎಷ್ಟೋ ಕಾಲು ನೋಡಿದ್ದೇನೆ, ಕಾಲಿಗೆ ಏನಾದ್ರೂ ಆಗಿದೆ ಅಂದ್ರೆ ಸುಮ್ಮನೆ ಇರ್ಲಿಕ್ಕೆ ಆಗೂದಿಲ್ಲ ನನಗೆ.

ಪ್ರಶ್ನೆ: ಅಕ್ಕಾ ನಮಸ್ಕಾರ, ಸಿರ್ಸಿಯಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ. ದೀಪಾವಳಿ ಕಳೆದು ಚಳಿ ಬಿತ್ತು ಅಂದ್ರೆ ನನ್ನ ಹಿಮ್ಮಡಿ ಒಡೀಲಿಕ್ಕೆ ಶುರು. ಅಡಿಕೆ ಕೊನೆ ಕೊಯ್ಲಿನ ಟೈಮಿಗೆ ರಕ್ತವೇ ಬರ್ತದೆ, ರಾತ್ರಿ ಕಂಬಳಿಗೆ ಸಿಕ್ಕಿ ಎಳೆದಂಗಾಗ್ತದೆ. ಅತ್ತೆ ಮುರುಗಲು ತುಪ್ಪ (ಕೋಕಂ ಬೀಜದಿಂದ ತೆಗೆದ ಗಟ್ಟಿ ಎಣ್ಣೆ) ಹಚ್ಚು ಅಂತಾರೆ, ಹಚ್ತಾನೇ ಇದ್ದೇನೆ, ಕಡಿಮೆ ಆಗ್ತಾ ಇಲ್ಲ. ಮಗಳು ಮೊಬೈಲ್ ನೋಡಿ ಲಿಂಬೆಹಣ್ಣು, ಅಡುಗೆ ಸೋಡಾ ಹಾಕಿ ಉಜ್ಜು ಅಂತಾಳೆ. ಯಾರ ಮಾತು ಕೇಳ್ಲಿ?

ಉತ್ತರ: ಅತ್ತೆ ಮಾತು ಕೇಳಿ ತಂಗೀ, ಆದ್ರೆ ಅವರು ಹೇಳದೇ ಬಿಟ್ಟ ಒಂದು ಕೆಲಸ ಮೊದಲು ಮಾಡ್ಬೇಕು. ನೀವು ಒಣ ಕಾಲಿಗೆ ತುಪ್ಪ ಹಚ್ತಾ ಇದ್ದೀರಿ ಅಂತ ನನ್ನ ಅಂದಾಜು, ಹೆಚ್ಚಿನವರು ಮಾಡೂದು ಹಾಗೇ, ಮಲಗೋ ಮುಂಚೆ ಒಂದು ಉಂಡೆ ತಗೊಂಡು ತಿಕ್ಕಿ ಮಲಗೂದು. ಅಡಿಕೆ ಹಾಳೆ ನೋಡಿ, ಒಣಗಿದ್ದನ್ನ ಬಗ್ಗಿಸಿದ್ರೆ ಚಟ್ ಅಂತ ಸೀಳ್ತದೆ, ಅದಕ್ಕೆ ಎಷ್ಟು ಎಣ್ಣೆ ಸವರಿದ್ರೂ ಅಷ್ಟೇ, ನೀರಲ್ಲಿ ನೆನೆಹಾಕಿದ್ರೆ ಮಾತ್ರ ಹೇಳಿದಂಗೆ ಬಗ್ಗೂದು. ಹಿಮ್ಮಡಿಯ ದಪ್ಪ ಚರ್ಮವೂ ಹಾಗೇ. ಅದನ್ನ ಮೆತ್ತಗೆ ಮಾಡೂದು ನೀರು, ಆ ನೀರು ಆರಿ ಹೋಗದಂಗೆ ತಡೆಯೂದು ತುಪ್ಪ.

ನಮ್ಮ ಅಂಗಾಲಲ್ಲಿ ಬೆವರಿನ ಗ್ರಂಥಿ ಬೇಕಾದಷ್ಟಿದ್ರೂ ಎಣ್ಣೆ ಗ್ರಂಥಿ ಇಲ್ಲವೇ ಇಲ್ಲ. ಮುಖಕ್ಕೆ, ತಲೆಗೆ ಇರೋ ಜಿಡ್ಡು ಕಾಲಡಿಗೆ ಹುಟ್ಟಿನಿಂದಲೇ ಇಲ್ಲ, ಅಲ್ಲಿಗೆ ನಾವೇ ಕೊಡ್ಬೇಕು. ಇದರ ಮೇಲೆ ಬರಿಗಾಲಲ್ಲಿ ಅಂಗಳ, ಕೊಟ್ಟಿಗೆ, ತೋಟ ಅಂತ ಓಡಾಡಿದ್ರೆ ಚರ್ಮ ತನ್ನನ್ನ ಉಳಿಸಿಕೊಳ್ಳಲಿಕ್ಕೆ ದಪ್ಪ ಆಗ್ತಾ ಹೋಗ್ತದೆ. ದಪ್ಪ ಆದದ್ದು ಒಣಗ್ತದೆ, ಒಣಗಿದ್ದರ ಮೇಲೆ ಮೈಭಾರ ಬಿದ್ದಾಗ ಹಿಮ್ಮಡಿ ಅಗಲ ಆಗಿ ಅಂಚಲ್ಲಿ ಸೀಳ್ತದೆ. ಅದಕ್ಕೇ ಒಡಕು ಹೆಚ್ಚಾಗಿ ಅಂಚಲ್ಲೇ ಇರೂದು. ನಮ್ಮ ಕಡೆ ಇನ್ನೊಂದಿದೆ, ಬಚ್ಚಲ ಹಂಡೆ. ಚಳಿ ಅಂತ ಕುದಿಯೋ ಹಾಗಿರೋ ನೀರನ್ನ ತಂಬಿಗೆ ತಂಬಿಗೆ ಕಾಲಿಗೆ ಹಾಕೊಳ್ತೇವೆ, ಆ ಹೊತ್ತಿಗೆ ಹಾಯ್ ಅನಿಸ್ತದೆ ಖರೆ, ಆದ್ರೆ ಚರ್ಮದೊಳಗಿರೋ ಚೂರುಪಾರು ಜಿಡ್ಡನ್ನೂ ಆ ಬಿಸಿ ತೆಗೆದುಬಿಡ್ತದೆ.

ಹಾಗಾಗಿ ರಾತ್ರಿ ಕೆಲಸ ಎಲ್ಲ ಮುಗಿದ ಮೇಲೆ ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕ್ಕೊಂಡು 10ರಿಂದ 15 ನಿಮಿಷ ಕಾಲಿಟ್ಟು ಕೂತ್ಕೊಳಿ, ಅದಕ್ಕಿಂತ ಜಾಸ್ತಿ ಬೇಡ. ಅಡಿಕೆ ಸುಲೀತಾ ಕೂತಾಗಲೇ ಮಾಡಬಹುದು ಇದನ್ನ, ಬೇರೆ ಟೈಮೇ ಬೇಕಂತಿಲ್ಲ. ಆಮೇಲೆ ಕಾಲುಜ್ಜೋ ಕಲ್ಲಲ್ಲಿ ಹಗುರಾಗಿ ಉಜ್ಜಿ. ಬಟ್ಟೆ ಒಗೆಯೋ ಕಲ್ಲಿಗೋ ಚಿರೆಕಲ್ಲಿನ ಗೋಡೆಗೋ ಕಾಲು ಹಾಕಿ ತಿಕ್ಕೂದು ನಮ್ಮಲ್ಲಿ ರೂಢಿ, ಆದ್ರೆ ಚಿರೆಕಲ್ಲು ತೀರಾ ಒರಟು, ರಕ್ತ ಬರೋವಾಗಂತೂ ಬೇಡವೇ ಬೇಡ. ಬ್ಲೇಡು ತಗೊಂಡು ಸವರೂದು ಬೇಡ, ಒಂದು ಸಲ ಆಳಕ್ಕೆ ಹೋದ್ರೆ ಒಡಕಿನ ಜೊತೆ ಗಾಯವೂ ಆಯ್ತು. ಟವೆಲ್ಲಲ್ಲಿ ಒತ್ತಿ ನೀರು ತೆಗೀರಿ, ಪೂರ್ತಿ ಒಣಗಿಸಬೇಡಿ, ಪಸೆ ಇರೋವಾಗಲೇ ಮುರುಗಲು ತುಪ್ಪ ಹಚ್ಚಿ ಕಾಟನ್ ಸಾಕ್ಸ್ ಹಾಕಿ ಮಲಗಿ.

ಮುರುಗಲು ತುಪ್ಪವನ್ನೇ ಎಂತಕ್ಕೆ ಹೇಳ್ತೇನೆ ಅಂದ್ರೆ, ಅದು ಕರಗಲಿಕ್ಕೆ ಹೆಚ್ಚುಕಡಿಮೆ 40 ಡಿಗ್ರಿ ಬಿಸಿ ಬೇಕು. ಕೊಬ್ಬರಿ ಎಣ್ಣೆ 24-25 ಡಿಗ್ರಿಗೇ ನೀರಾಗಿ ಹಾಸಿಗೆಗೆ ಹೋಗ್ತದೆ, ಇದು ಕಾಲಲ್ಲೇ ಗಟ್ಟಿಯಾಗಿ ಕೂತು ಒಡಕು ತುಂಬಿಕೊಳ್ತದೆ. ನಮ್ಮ ಹಿರಿಯರು ಏಪ್ರಿಲ್-ಮೇ ತಿಂಗಳಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿಟ್ಟು, ಬೀಜ ಎಸೆಯದೇ ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿ, ಮೇಲೆ ತೇಲಿದ ತುಪ್ಪವನ್ನ ತೆಗೆದು ಉಂಡೆ ಮಾಡಿ ಇಟ್ಕೊಳ್ತಿದ್ರು. ಎಷ್ಟು ಕೆಲಸ ಅದು, ಈಗ ಮಾಡುವವರೇ ಕಡಿಮೆ, ನಿಮ್ಮ ಅತ್ತೆ ಮಾಡ್ತಾರಾದ್ರೆ ದಯವಿಟ್ಟು ಕೂತು ಕಲ್ತ್ಕೊಳಿ. ಉಂಡೆ ತೀರಾ ಗಟ್ಟಿ ಆಯ್ತು ಅಂದ್ರೆ ಸೌಟಲ್ಲಿ ಕರಗಿಸಿ ಅರ್ಧದಷ್ಟು ಕೊಬ್ಬರಿ ಎಣ್ಣೆ ಸೇರಿಸಿ ಡಬ್ಬಿಗೆ ಹಾಕಿಡಿ, ಮುಲಾಮಿನಂಗೆ ಬರ್ತದೆ. ಕಾಯಿಸಿ ಬಿಸಿಬಿಸಿಯಾಗೇ ಒಡಕಿಗೆ ಹನಿಸಿಕೊಳ್ಳುವವರಿದ್ದಾರೆ, ಅದು ಸುಡ್ತದೆ, ತಣಿಸಿಯೇ ಹಚ್ಚಿ. ಮುರುಗಲು ತುಪ್ಪ ಸಿಗದವರು ವ್ಯಾಸಲೀನ್ ಹಚ್ಚಿ, ಅದೂ ಇದೇ ಕೆಲಸ ಮಾಡ್ತದೆ, ಅಗ್ಗವೂ ಹೌದು.

ಲಿಂಬೆ, ಸೋಡಾ ಎರಡೂ ಬೇಡ ಅಂತ ಮಗಳಿಗೆ ಹೇಳಿ. ಒಡೆದ ಚರ್ಮಕ್ಕೆ ಲಿಂಬೆ ಉರಿ ಬಿಟ್ರೆ ಬೇರೆ ಎಂತದೂ ಕೊಡೂದಿಲ್ಲ. ಚರ್ಮದ ಸ್ವಭಾವ ಸ್ವಲ್ಪ ಹುಳಿ ಕಡೆಗೆ, ಸೋಡಾ ಕ್ಷಾರ, ಹಚ್ಚಿದಷ್ಟೂ ಒಣಗಿಸ್ತದೆ. ಬಟ್ಟೆ ಸೋಪಲ್ಲಿ ಕಾಲು ತೊಳೆಯೂದೂ ಅದಕ್ಕೇ ಬೇಡ. ಮಗಳು ಏನಾದ್ರೂ ತಂದುಕೊಡ್ತೇನೆ ಅಂದ್ರೆ ಮೆಡಿಕಲ್ಲಿಂದ 10 ಅಥವಾ 20 ಪರ್ಸೆಂಟ್ ಯೂರಿಯಾ ಇರೋ ಕ್ರೀಮ್ ತರ್ಲಿ, ದಪ್ಪ ಚರ್ಮ ತೆಳು ಮಾಡ್ಲಿಕ್ಕೆ ಅದು ಒಳ್ಳೇದು. ಆದ್ರೆ ರಕ್ತ ಬರೋ ಒಡಕಿಗೆ ಹಚ್ಚಿದ್ರೆ ಉರೀತದೆ, ಮೊದಲು ತುಪ್ಪದಲ್ಲಿ ಒಡಕು ಕೂಡಿಸ್ಕೊಳಿ, ಆಮೇಲೆ ಇದು. ಮತ್ತೆ ತೋಟಕ್ಕೆ ತಂದ ಯೂರಿಯಾ ಗೊಬ್ಬರ ಕಲಸಿ ಹಚ್ಚೂದು ಖಂಡಿತಾ ಬೇಡ!

ವಾರದಲ್ಲಿ ಉರಿ ಕಡಿಮೆ ಆಗ್ಬೇಕು, ಆಳದ ಒಡಕು ಕೂಡ್ಲಿಕ್ಕೆ ಕೆಲವು ವಾರ ಹಿಡೀತದೆ. ಕೂಡಿತು ಅಂತ ಬಿಟ್ಟುಬಿಟ್ರೆ ಮತ್ತೆ ಒಡೀತದೆ, ಚಳಿ ಮುಗಿಯೋವರೆಗೂ ಮಾಡಿ. ತೋಟಕ್ಕೆ ಹೋಗುವಾಗ ಹಿಮ್ಮಡಿ ಮುಚ್ಚೋ ಚಪ್ಪಲಿ ಇರ್ಲಿ.

ಪ್ರಶ್ನೆ: ಕುಮಟಾ ಕಡೆಯವನು ನಾನು. ಊರಲ್ಲಿ ಹಿರಿಯರು ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚಿದ್ರೆ ಒಡಕು ಒಂದೇ ಸಲಕ್ಕೆ ಹೋಗ್ತದೆ ಅಂತಾರೆ. ಹಚ್ಚಬಹುದಾ?

ಉತ್ತರ: ಬೇಡ ಮಾರಾಯ್ರೇ, ದಯವಿಟ್ಟು ಬೇಡ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡೋ ವಸ್ತು, ಬೀಜ ಸುಲಿಯೋ ಹೆಂಗಸರು ಕೈಗೆ ಬೂದಿಯೋ ಎಣ್ಣೆಯೋ ಸವರಿಕೊಂಡು ಕೂರೂದು ಅದಕ್ಕೇ ಅಲ್ವಾ. ಕಾಡಿನ ಕರಿಗೇರಿನ ಎಣ್ಣೆಯೂ ಹಾಗೇ. ಅದನ್ನ ಹಚ್ಚಿದಾಗ ದಪ್ಪ ಚರ್ಮ ಸುಟ್ಟು ಎದ್ದು ಬರ್ತದೆ, ಒಡಕು ಹೋಯ್ತು ಅಂತ ಕಾಣೂದು ಅದೇ. ಸುತ್ತಲಿನ ಒಳ್ಳೆ ಚರ್ಮಕ್ಕೆ ತಾಗಿದ್ರೆ ಗುಳ್ಳೆ ಎದ್ದು ನೀರು ಸೋರ್ತದೆ, ಕೆಲವರಿಗೆ ಅಲರ್ಜಿಯಾಗಿ ಮೈಯೆಲ್ಲ ತುರಿಕೆ ಏಳ್ತದೆ. ಹಾಗೆ ಸುಟ್ಟುಕೊಂಡು ಬಂದ ಕಾಲಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ, ಆ ನೋವು ನೋಡ್ಲಿಕ್ಕಾಗೂದಿಲ್ಲ. ಅಜ್ಜಂದಿರು ಹೇಳಿದ್ದೆಲ್ಲ ಮನೆಮದ್ದೇ, ಆದ್ರೆ ಮನೆಮದ್ದೆಲ್ಲ ಒಳ್ಳೇದಲ್ಲ.

ಪ್ರಶ್ನೆ: ಮೇಡಂ, ಕಾರವಾರದಿಂದ ಬರೀತಿದ್ದೇನೆ. ನಮ್ಮ ಅಮ್ಮ ಮೀನು ಮಾರ್ತಾರೆ, ದಿನವಿಡೀ ಮಾರ್ಕೆಟ್ಟಿನ ಒದ್ದೆ ನೆಲದಲ್ಲೇ ಕಾಲು. ಸಮುದ್ರದ ಹತ್ರ ಇಷ್ಟು ತೇವ ಇದ್ರೂ ಕಾಲು ಯಾಕೆ ಒಡೀತದೆ? ಅವರಿಗೆ ಶುಗರ್ ಕೂಡ ಇದೆ, ನೋವೇ ಇಲ್ಲ ಬಿಡು ಅಂತಾರೆ.

ಉತ್ತರ: ನೋವಿಲ್ಲ ಅಂದದ್ದೇ ನನಗೆ ಹೆದರಿಕೆ ಆಗಿದ್ದು. ಆಳವಾಗಿ ಸೀಳಿದ ಒಡಕು ನೋಯಲೇಬೇಕು. ಶುಗರ್ ಬಹಳ ವರ್ಷದಿಂದ ಇದ್ರೆ ಕಾಲಿನ ನರದ ಸ್ಪರ್ಶ ಹೋಗಿರಬಹುದು, ಹಾಗಾದ್ರೆ, ಮುಳ್ಳು ಚುಚ್ಚಿದ್ರೂ ಮೀನಿನ ಮೂಳೆ ಹೊಕ್ಕಿದ್ರೂ ಗೊತ್ತಾಗೂದಿಲ್ಲ, ಅದೇ ನರದ ತೊಂದರೆಯಿಂದ ಬೆವರೂ ಕಡಿಮೆಯಾಗಿ ಕಾಲು ಇನ್ನಷ್ಟು ಒಣಗ್ತದೆ. ಆ ಒಡಕಿನಲ್ಲಿ ಕೀವು ಸೇರಿ ಮೇಲೆ ಹತ್ತಿದ್ರೆ ಬೆರಳು, ಪಾದ ತೆಗೆಯೋವರೆಗೂ ಹೋಗಬಹುದು. ಅಮ್ಮನನ್ನ ಈ ವಾರವೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಕಾಲು ತೋರಿಸ್ಲಿಕ್ಕೇ ಬಂದದ್ದು ಅಂತ ಹೇಳಿ, ಧನುರ್ವಾಯು ತಡೆಯೋ ಇಂಜೆಕ್ಷನ್ ಆಗಿದೆಯಾ ಕೇಳಿ. ಪಾದ ಕೆಂಪಾಗಿ ಬಿಸಿಯಾಗಿ ಊದಿದ್ರೆ, ವಾಸನೆ ಬಂದ್ರೆ, ಜ್ವರ ಬಂದ್ರೆ ವಾರ ಕಾಯೂದು ಬೇಡ, ಅವತ್ತೇ ಹೋಗಿ.

ಮೇಲೆ ಹೇಳಿದ ಉಪಚಾರದಲ್ಲಿ ಅಮ್ಮನಿಗೆ ಕೆಲವು ಬೇಡ. ನೀರಲ್ಲಿ ನೆನೆಸಿ ಇಡೂದು ಬೇಡ, ಕಲ್ಲಲ್ಲಿ ಉಜ್ಜೂದೂ ಬೇಡ, ಡಾಕ್ಟ್ರು ಹೇಳದೇ ಚರ್ಮ ತೆಗೆಯೋ ಕ್ರೀಮ್ ಹಚ್ಚೂದಂತೂ ಬೇಡ. ತೊಳೆಯೋ ನೀರಿನ ಬಿಸಿ ನೀವು ಮೊಣಕೈ ಅದ್ದಿ ನೋಡಿ, ಅವರ ಕಾಲಿಗೆ ಬಿಸಿ ಗೊತ್ತಾಗ್ಲಿಕ್ಕಿಲ್ಲ. ಮನೆಗೆ ಬಂದ ಕೂಡ್ಲೆ ಉಪ್ಪುನೀರು ಹೋಗೋ ಹಾಗೆ ತೊಳೆದು ಒರೆಸಿ ವ್ಯಾಸಲೀನ್ ಹಚ್ಚಿ, ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ದಿನಾ ರಾತ್ರಿ ಅಂಗಾಲು ನೀವೇ ನೋಡಿ, ಅವರಿಗೆ ಬಗ್ಗಿ ನೋಡ್ಲಿಕ್ಕೆ ಕಷ್ಟ.

ಇನ್ನು ತೇವದ ಪ್ರಶ್ನೆ. ಕಾಲು ಒದ್ದೆ ಆಗಿ ಒಣಗಿ, ಮತ್ತೆ ಒದ್ದೆ ಆಗಿ ಒಣಗಿ, ಹೀಗೆ ಆಗ್ತಾ ಇದ್ರೆ ಪ್ರತಿಸಲ ನೀರಿನ ಜೊತೆ ಚರ್ಮದ ಜಿಡ್ಡೂ ಹೋಗ್ತದೆ, ಐಸು, ಉಪ್ಪು ಎಲ್ಲ ಸೇರಿದ್ರೆ ಇನ್ನೂ ಬೇಗ. ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಕೆಲಸ ಮಾಡುವವರಿಗೂ ಇದೇ ಕಾಟ. ಬೆಳಿಗ್ಗೆ ಹೊರಡೋ ಮುಂಚೆ ಒಂದು ಕೈ ವ್ಯಾಸಲೀನ್ ಹಚ್ಚಿ ಗಮ್‌ಬೂಟ್ ಹಾಕಿದ್ರೆ ಅರ್ಧ ತೊಂದರೆ ಕಡಿಮೆ ಆಗ್ತದೆ. ಬೂಟು ಹಾಕ್ಕೊಂಡು ಮೀನು ಮಾರೂದಾ ಅಂತ ಅಮ್ಮ ನಗಬಹುದು, ನೀವು ಬಿಡಬೇಡಿ. ಹಾಕೋ ಮುಂಚೆ ಒಳಗೆ ಕೈ ಹಾಕಿ ಕಲ್ಲು ಗಿಲ್ಲು ಇದೆಯಾ ನೋಡಿ.

ಪ್ರಶ್ನೆ: ಹೊನ್ನಾವರ ಹತ್ರದ ರೈತ. ನನಗೆ ಚಳಿಗಾಲದಲ್ಲಲ್ಲ, ಮಳೆಗಾಲದಲ್ಲೇ ಜಾಸ್ತಿ. ಒಂದೇ ಕಾಲು, ಬಿಳಿ ಹಿಟ್ಟಿನಂಗೆ ಏಳ್ತದೆ, ಬೆರಳ ಸಂದಿ ತುರಿಸ್ತದೆ. ಎಣ್ಣೆ ಹಚ್ಚಿದ್ರೂ ಇಲ್ಲ.

ಉತ್ತರ: ಇದು ಬರೀ ಒಣಗಿದ್ದಲ್ಲ, ಫಂಗಸ್ ಇರೋ ಸಾಧ್ಯತೆ ಜಾಸ್ತಿ. ಒಂದೇ ಕಾಲು, ಹಿಟ್ಟಿನಂಥ ಹೊಟ್ಟು, ಸಂದಿಯಲ್ಲಿ ತುರಿಕೆ, ಉಗುರೂ ದಪ್ಪಗಾಗಿ ಹಳದಿಯಾಗಿದ್ರೆ ಹೆಚ್ಚುಕಡಿಮೆ ಫಂಗಸ್ಸೇ. ಎಣ್ಣೆಯಲ್ಲಿ ಹೋಗೂದಿಲ್ಲ. ಡಾಕ್ಟ್ರಿಗೆ ತೋರಿಸಿ, ಕ್ಲೋಟ್ರಿಮಝೋಲ್ ಥರದ ಕ್ರೀಮ್ ಕೊಡ್ತಾರೆ, ತುರಿಕೆ ನಿಂತ ಮೇಲೂ ಅವರು ಹೇಳಿದಷ್ಟು ದಿನ ಹಚ್ಚಬೇಕು, ನಡುವೆ ಬಿಟ್ಟದ್ದಕ್ಕೇ ಎಷ್ಟೋ ಜನರಿಗೆ ಪ್ರತಿ ಮಳೆಗಾಲ ವಾಪಸ್ ಬರೂದು. ಮೆಡಿಕಲ್ಲಲ್ಲಿ ಕೇಳಿ ಸ್ಟಿರಾಯ್ಡ್ ಸೇರಿದ ಕ್ರೀಮ್ ತರಬೇಡಿ, ಎರಡು ದಿನ ಆರಾಮಾಗಿ ಆಮೇಲೆ ಜಾಸ್ತಿ ಹರಡ್ತದೆ.

ಇನ್ನೊಂದು ಮಾತು, ಗದ್ದೆ ಕೆಲಸ ಮಾಡುವವರಿಗೆಲ್ಲ. ಮಳೆಗಾಲದಲ್ಲಿ ನಿಂತ ನೀರಿಗೆ ಇಲಿಯ ಮೂತ್ರ ಸೇರಿದ್ರೆ ಇಲಿ ಜ್ವರದ ರೋಗಾಣು ಒಡೆದ ಚರ್ಮದಲ್ಲೇ ಒಳಗೆ ಹೋಗ್ತದೆ. ಒಡಕಿದ್ರೆ ಗಮ್‌ಬೂಟ್ ಇಲ್ಲದೇ ನಾಟಿಗೆ ಇಳೀಬೇಡಿ. ಇಳಿದವರಿಗೆ ಮುಂದಿನ ಒಂದೆರಡು ವಾರದಲ್ಲಿ ಜೋರು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಕಂಡ್ರೆ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಹೋಗಿ, ಗದ್ದೆ ನೀರಿಗೆ ಇಳಿದಿದ್ದೆ ಅಂತ ಡಾಕ್ಟ್ರು ಕೇಳೋ ಮುಂಚೆ ನೀವೇ ಹೇಳಿ.