ಆರ್‌ವಿಯ ಫರ್ನೇಸ್ ಸದ್ದು, ಊರಿನಿಂದ ಬಂದವರ ನಿದ್ದೆ

ತಂಗೀ, ‘ಅಕ್ಕಾ’ ಎಂದು ಕರೆದು ಕೇಳಿದ್ದೀಯ, ಮನೆಯವಳಿಗೆ ಹೇಳುವಂತೆಯೇ ಹೇಳುತ್ತೇನೆ. ಈ ಬೇಸಿಗೆಯಲ್ಲಿ ಹಾಸನದಿಂದ ಫೀನಿಕ್ಸ್‌ಗೆ ಬಂದವಳು ನೀನು. ನವೆಂಬರ್‌ನಲ್ಲಿ ಅತ್ತೆ ಮಾವನನ್ನು ಬಾಡಿಗೆ ಆರ್‌ವಿಯಲ್ಲಿ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ಗಾಡಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದೊಯ್ಯುವ ಆಸೆ. ಮೊನ್ನೆ ಗಂಡ ಹೆಂಡತಿ ಒಂದು ರಾತ್ರಿ ಇದ್ದು ನೋಡಿದಾಗ, ಒಳಗನ್ನು ಬೆಚ್ಚಗಿಡುವ ಗ್ಯಾಸ್ ಹೀಟರ್ ಆದ ಫರ್ನೇಸ್‌ನ ಸದ್ದಿಗೆ ಕಣ್ಣು ಮುಚ್ಚಲಾಗಲಿಲ್ಲ. ಅದನ್ನು ತಗ್ಗಿಸುವುದು ಹೇಗೆ, ಪಕ್ಕದವರು ಆಕ್ಷೇಪಿಸುತ್ತಾರೆಯೇ, ರಾತ್ರಿ ಆರಿಸಿಬಿಡಬಹುದೇ ಎಂದು ಕೇಳಿದ್ದೀಯ.

ಆರಿಸಬೇಡ. ಕ್ಯಾನ್ಯನ್‌ನ ದಕ್ಷಿಣ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತಲೂ ಮೇಲೆ. ನವೆಂಬರ್ ರಾತ್ರಿಗಳಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಎಷ್ಟೋ ಆರ್‌ವಿಗಳಲ್ಲಿ ನೆಲದಡಿಯ ನೀರಿನ ಕೊಳವೆಗಳನ್ನು ಕಾಯುವುದೂ ಫರ್ನೇಸ್‌ನ ಬಿಸಿಗಾಳಿಯೇ.

ನಿದ್ದೆ ಕೆಡಿಸುವುದು ಸದ್ದಿನ ಜೋರಿಗಿಂತ ಅದು ಹಠಾತ್ತನೆ ಶುರುವಾಗಿ ನಿಲ್ಲುವ ರೀತಿ. ನಾನು ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಮನೆಯ ಹೀಟರ್ ಹೊತ್ತಿಕೊಂಡಾಗಲೆಲ್ಲ ಬೆಚ್ಚಿ ಏಳುತ್ತಿದ್ದೆ. ತೀರ್ಥಹಳ್ಳಿಯ ನಮ್ಮ ಮನೆಯ ಹೆಂಚಿನ ಮೇಲೆ ಇಡೀ ರಾತ್ರಿ ಮಳೆ ಸುರಿದರೂ ನಿದ್ದೆ ಕೆಟ್ಟವಳಲ್ಲ. ಮಳೆಯದು ಒಂದೇ ಸಮನೆಯ ಸದ್ದು. ಆರ್‌ವಿಯ ಫರ್ನೇಸ್‌ನಲ್ಲಿ ಮೊದಲು ಫ್ಯಾನ್ ತಿರುಗುತ್ತದೆ, ಕೆಲವು ಸೆಕೆಂಡಿನ ನಂತರ ಪ್ರೊಪೇನ್ ಹೊತ್ತಿಕೊಳ್ಳುತ್ತದೆ, ಉರಿ ಆರಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ಓಡುತ್ತದೆ. ಹೀಗೆ ರಾತ್ರಿಯಿಡೀ. ಆದ್ದರಿಂದ ಅದು ಪದೇ ಪದೇ ಹೊತ್ತಿಕೊಳ್ಳದಂತೆ ಮಾಡುವುದೇ ನಿಜವಾದ ಉಪಾಯ.

ಮಲಗುವ ಮುನ್ನ ಒಳಗನ್ನು ಚೆನ್ನಾಗಿ ಬೆಚ್ಚಗಾಗಿಸಿ, ಆಮೇಲೆ ಥರ್ಮೋಸ್ಟಾಟ್ ಅನ್ನು 60 ಫ್ಯಾರನ್‌ಹೀಟ್‌ಗೆ ಇಳಿಸು. ಕಿಟಕಿಗಳಿಗೆ ಮತ್ತು ಚಾಲಕನ ಮುಂದಿನ ದೊಡ್ಡ ಗಾಜಿಗೆ ದಪ್ಪ ಹೊದಿಕೆ ಕಟ್ಟು, ಶಾಖ ಸೋರಿಹೋಗುವುದು ಅಲ್ಲಿಂದಲೇ. ಕ್ಯಾಂಪ್‌ನಲ್ಲಿ ವಿದ್ಯುತ್ ಸಂಪರ್ಕವಿದ್ದರೆ 1,500 ವ್ಯಾಟ್‌ನ ಸಣ್ಣ ಹೀಟರ್ ಒಂದನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕು, ಎಕ್ಸ್‌ಟೆನ್ಷನ್ ವೈರ್ ಬೇಡ. ಅದೊಂದೇ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ, ಜೊತೆಯಲ್ಲಿ ಮೈಕ್ರೋವೇವ್ ಹಚ್ಚಬೇಡ. ಕೊಳವೆಗಳಿಗಾಗಿ ಫರ್ನೇಸ್ ಆಗಾಗ ಓಡುತ್ತಲೇ ಇರಲಿ.

ಬಾಡಿಗೆ ಗಾಡಿಯಾದ್ದರಿಂದ ಒಳಗೆ ಕೈಹಾಕಬೇಡ. ಭೋರ್ಗರೆತ ಸಹಜ, ಲೋಹ ಕೆರೆಯುವ ಸದ್ದು ಬಂದರೆ ಹೊರಡುವ ಮೊದಲೇ ಹೇಳಿ ಸರಿಮಾಡಿಸಿಕೊಳ್ಳಿ. ಸದ್ದು ಅಡಗಿಸಲೆಂದು ಗಾಳಿ ಎಳೆದುಕೊಳ್ಳುವ ಜಾಲರಿಗೆ ದಿಂಬು ಒತ್ತುವುದು, ಹೊರಗಿನ ಹೊಗೆಯ ಬಾಯಿಗೆ ಏನನ್ನಾದರೂ ಮುಚ್ಚುವುದು, ಇವೆರಡನ್ನು ಯಾರೇ ಹೇಳಿದರೂ ಮಾಡಬೇಡ. ಗಾಳಿ ಸಾಲದೆ ಫರ್ನೇಸ್ ಕಾದು ನಿಂತುಹೋಗುತ್ತದೆ, ಹೊಗೆ ಹೊರಹೋಗದಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ಸೇರಬಹುದು. ಅದಕ್ಕೆ ವಾಸನೆಯಿಲ್ಲ. ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿ ನೋಡು. ಚಳಿ ಕಾಯಿಸಲು ಅಡುಗೆಯ ಗ್ಯಾಸ್ ಒಲೆ ಹಚ್ಚಬೇಡ, ಅತ್ತೆಗೂ ಮೊದಲೇ ಹೇಳಿಡು.

ಇನ್ನೊಂದು ಮಾತು ನೀನು ಕೇಳಿಲ್ಲ, ನನಗೆ ಅದೇ ದೊಡ್ಡದು. ಫರ್ನೇಸ್ ಎಲ್ಲಿದೆ ಎಂದು ಮೊದಲು ಹುಡುಕಿ, ಅದರಿಂದ ದೂರದ ಹಾಸಿಗೆಯನ್ನು ಹಿರಿಯರಿಗೆ ಕೊಡು. ನನ್ನ ಅಪ್ಪ ಅಮೆರಿಕಕ್ಕೆ ಬಂದದ್ದು ಒಂದೇ ಸಲ, ಆಗ ಅವರನ್ನೂ ಆರ್‌ವಿಯಲ್ಲಿ ಅಲ್ಲಿಗೇ ಕರೆದೊಯ್ದಿದ್ದೆವು. ಮಂಡಿ ನೋವಿನವರು, ಮೇಲೆ ಹತ್ತಬೇಕಿಲ್ಲವೆಂದು ಊಟದ ಮೇಜು ಇಳಿಸಿ ಮಾಡುವ ಹಾಸಿಗೆಯನ್ನು ಅವರಿಗೆ ಹಾಸಿದೆವು. ಫರ್ನೇಸ್ ಇದ್ದದ್ದು ಅದರ ಬುಡದಲ್ಲೇ. ಬೆಳಿಗ್ಗೆ ಕೇಳಿದರೆ ‘ಒಳ್ಳೆಯ ನಿದ್ದೆ ಬಂತು’ ಎಂದರು, ಮರುದಿನವೂ ಅದೇ ಉತ್ತರ. ಎರಡು ರಾತ್ರಿಯೂ ಶಾಲು ಹೊದ್ದು ಕುಳಿತೇ ಇದ್ದರೆಂದು ಅಮ್ಮ ಹೇಳಿದ್ದು ಊರಿಗೆ ಮರಳಿದ ಮೇಲೆ, ಫೋನಿನಲ್ಲಿ. ಅಪ್ಪ ಈಗಿಲ್ಲ. ಸೂರ್ಯೋದಯದಲ್ಲಿ ಆ ಕಣಿವೆಯನ್ನು ನೋಡುತ್ತಾ ಅವರು ಕೈಮುಗಿದಿದ್ದರು. ನಿದ್ದೆಯಿಲ್ಲದ ಕಣ್ಣಿನಲ್ಲಿ ನೋಡಿದರಲ್ಲ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ. ಮಗ ಸೊಸೆಯ ಮುಂದೆ ನಮ್ಮ ಹಿರಿಯರು ತೊಂದರೆ ಹೇಳಿಕೊಳ್ಳುವುದಿಲ್ಲ, ಅದನ್ನು ನಿನಗೆ ವಿವರಿಸಬೇಕಿಲ್ಲ. ಅವರ ಬಾಯಿಯ ಉತ್ತರವನ್ನು ನಂಬಬೇಡ, ನಡುರಾತ್ರಿ ನೀನೇ ಎದ್ದು ನೋಡು.

ಪಕ್ಕದವರ ಚಿಂತೆ ಬಿಡು. ರಾಷ್ಟ್ರೀಯ ಉದ್ಯಾನಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದೆಂಬ ನಿಯಮವಿದೆ, ಆದರೆ ಜನ ಸಿಟ್ಟಾಗುವುದು ಜನರೇಟರ್‌ಗೆ, ಜೋರು ಮಾತಿಗೆ. ಜಾಗ ಕಾಯ್ದಿರಿಸುವಾಗ ಮಾತ್ರ ಎಚ್ಚರ. ದಕ್ಷಿಣ ಅಂಚಿನ ಮ್ಯಾಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಫ್ಯಾನ್ ರಾತ್ರಿಯಿಡೀ ಬ್ಯಾಟರಿಯಲ್ಲೇ ಓಡಬೇಕು, ಬೆಳಗಿನ ಜಾವಕ್ಕೆ ಬ್ಯಾಟರಿ ಸೊರಗಿದರೆ ಗಾಳಿ ಸಾಲದೆ ಉರಿ ಹೊತ್ತುವುದೇ ಇಲ್ಲ. ಹತ್ತಿರದ ಟ್ರೈಲರ್ ವಿಲೇಜ್ ಎಂಬ ಕ್ಯಾಂಪ್‌ನಲ್ಲಿ ಸಂಪರ್ಕವಿದೆ. ಮ್ಯಾಥರ್‌ಗೆ ಕಾಯ್ದಿರಿಸಿದ್ದರೆ ಇವತ್ತೇ ಬದಲಾಯಿಸಲು ನೋಡು.