ಕನ್ನಡದಲ್ಲಿ ತುಂಬಿದವರ ಹೆಸರು ಮಾತ್ರ ಖಾಲಿ!

ಪ್ರಶ್ನೆ: ನಮ್ಮೂರಿನ ವಾಚನಾಲಯಕ್ಕೆ ಆನ್‌ಲೈನ್ ಸದಸ್ಯತ್ವದ ಫಾರ್ಮ್ ಮಾಡಿದ್ದೇನೆ. ಮೇಲೆ ಕನ್ನಡ, ಮಲಯಾಳ ಎಂದು ಎರಡು ರೇಡಿಯೋ ಬಟನ್. ಒಂದನ್ನು ಆರಿಸಿದರೆ ಇನ್ನೊಂದು ಭಾಷೆಯ ಭಾಗವನ್ನು ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಹೈಡ್ ಮಾಡುತ್ತೇನೆ. ಮಲಯಾಳದಲ್ಲಿ ತುಂಬಿದವರದ್ದು ಸರಿಯಾಗಿ ಬರುತ್ತದೆ. ಕನ್ನಡದಲ್ಲಿ ತುಂಬಿದವರ ಹೆಸರು ಮಾತ್ರ ಖಾಲಿ. ಸಬ್‌ಮಿಟ್ ಆಗುವ ಹೊತ್ತಿಗೆ ಫಾರ್ಮಿನೊಳಗಿನ ಹಿಡನ್ ಎಲ್ಲವನ್ನೂ ರಿಮೂವ್ ಮಾಡಿ ನೋಡಿದೆ. ಈಗ ಯಾರದ್ದೂ ಬರುವುದಿಲ್ಲ, 419 ಎಂಬ ಎರರ್ ಬರುತ್ತದೆ. ಸರ್ವರ್‌ನಲ್ಲಿರುವುದು ಲಾರಾವೆಲ್ (ಪಿಎಚ್‌ಪಿ ಭಾಷೆಯ ಫ್ರೇಮ್‌ವರ್ಕ್). ಕೋಡ್ ಜೊತೆಗೆ ಕಳಿಸಿದ್ದೇನೆ.
— ಓದುಗರು, ಬದಿಯಡ್ಕ

ಉತ್ತರ: ಕಾಸರಗೋಡಿನಲ್ಲಿ ಕನ್ನಡದ ಅರ್ಜಿಗೆ ಮಾತ್ರ ತೊಂದರೆ ಅಂದರೆ ಮನಸ್ಸು ಬೇರೆ ಕಡೆಗೇ ಹೋಗುತ್ತದೆ, ಅಲ್ವಾ? ಈ ಸಲ ತಪ್ಪು ಭಾಷೆಯದ್ದಲ್ಲ, ಕ್ರಮದ್ದು. ನಿಮ್ಮ ಫಾರ್ಮಿನಲ್ಲಿ ಕನ್ನಡ ಭಾಗ ಮೇಲಿದೆ, ಮಲಯಾಳ ಭಾಗ ಕೆಳಗಿದೆ. ಎರಡರಲ್ಲೂ ಹೆಸರಿನ ಫೀಲ್ಡಿಗೆ 'ಫುಲ್‌ನೇಮ್' ಎಂದು ಒಂದೇ ನೇಮ್ ಕೊಟ್ಟಿದ್ದೀರಿ.

ಹೈಡ್ ಅಂದರೆ ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ನನ್ (display: none) ಹಾಕುವುದು, ಅಷ್ಟೇ. ಕಣ್ಣಿಗೆ ಕಾಣದಿದ್ದರೂ ಬ್ರೌಸರ್ ಅದನ್ನು ಸೇರಿಸಿಯೇ ಕಳಿಸುತ್ತದೆ. ಹಾಗಾಗಿ ಫುಲ್‌ನೇಮ್ ಎರಡು ಸಲ ಹೋಗುತ್ತದೆ. ಮೊದಲು ಕನ್ನಡದಲ್ಲಿ ಬರೆದ ಹೆಸರು, ಅದರ ಹಿಂದೆಯೇ ಮಲಯಾಳ ಭಾಗದ ಖಾಲಿ ಫೀಲ್ಡ್. ಒಂದೇ ನೇಮ್ ಎರಡು ಸಲ ಬಂದರೆ ಪಿಎಚ್‌ಪಿ ಕೊನೆಯದನ್ನು ಇಟ್ಟುಕೊಳ್ಳುತ್ತದೆ. ಕೆಳಗಿದ್ದುದರಿಂದ ಮಲಯಾಳದವರು ಬಚಾವಾದರು. ಎರಡು ಭಾಗಗಳನ್ನು ಅದಲುಬದಲು ಮಾಡಿದರೆ ಆಗ ಅವರ ಹೆಸರು ಖಾಲಿಯಾಗುತ್ತದೆ.

ಇನ್ನು 419. ಜೆಕ್ವೆರಿಯ ಹಿಡನ್ ಸೆಲೆಕ್ಟರ್ (ಕಾಣದಿರುವುದನ್ನು ಆರಿಸಿಕೊಡುವ :hidden) ನೀವು ಹೈಡ್ ಮಾಡಿದ್ದನ್ನು ಮಾತ್ರ ಹಿಡಿಯುವುದಿಲ್ಲ. ಟೈಪ್ ಹಿಡನ್ ಎಂದಿರುವ ಇನ್‌ಪುಟ್‌ಗಳನ್ನೂ ಹಿಡಿಯುತ್ತದೆ. ಲಾರಾವೆಲ್‌ನ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ಮದೇ ಪುಟದಿಂದ ಬಂದಿದೆ ಎಂದು ತೋರಿಸುವ ಗುಟ್ಟಿನ ಸಂಕೇತ) ಕೂತಿರುವುದು ಅಂಥದ್ದೇ ಒಂದು ಇನ್‌ಪುಟ್‌ನಲ್ಲಿ. ಕಸದ ಜೊತೆ ಅದನ್ನೂ ಗುಡಿಸಿ ಹಾಕಿದಿರಿ. ಟೋಕನ್ ಕಾಣದೆ ಸರ್ವರ್ ಫಾರ್ಮನ್ನು ವಾಪಸು ಕಳಿಸಿತು. ತಮಾಷೆ ಅಂದರೆ, ವಿಸಿಬಿಲಿಟಿ ಹಿಡನ್ ಅಥವಾ ಒಪಾಸಿಟಿ 0 ಇರುವ ಎಲಿಮೆಂಟ್ ಇದೇ ಸೆಲೆಕ್ಟರ್‌ಗೆ ಸಿಗುವುದಿಲ್ಲ. ಪುಟದಲ್ಲಿ ಅವು ಜಾಗ ಹಿಡಿದುಕೊಂಡಿರುತ್ತವಲ್ಲ, ಅದಕ್ಕೆ.

ರಿಮೂವ್ ಮಾಡಲೇಬೇಕೆಂದಿದ್ದರೆ ಎರಡು ಭಾಷಾ ಭಾಗಗಳಿಗೆ ಒಂದು ಕ್ಲಾಸ್ ಕೊಟ್ಟು, ಅವುಗಳಲ್ಲಿ ಹಿಡನ್ ಆಗಿರುವುದನ್ನಷ್ಟೇ ತೆಗೆಯಿರಿ. ಟೋಕನ್ ಆ ಭಾಗಗಳ ಹೊರಗಿರಲಿ. ಆದರೆ ನಾನು ಹಾಗೆ ಮಾಡುವುದಿಲ್ಲ. ಅಜಾಕ್ಸ್‌ನಲ್ಲಿ (ಪುಟ ಮತ್ತೆ ಲೋಡ್ ಆಗದಂತೆ) ಕಳಿಸಿ, ಸರ್ವರ್ 'ಪಿನ್‌ಕೋಡ್ ತಪ್ಪು' ಎಂದಿತು ಅನ್ನಿ. ತುಂಬುವವರು ಅದೇ ಪುಟದಲ್ಲಿ ಭಾಷೆ ಬದಲಿಸಲು ಹೋದರೆ ಅಲ್ಲಿ ಫೀಲ್ಡೇ ಇಲ್ಲ.

ಡಿಸೇಬಲ್ ಮಾಡಿ. ಡಿಸೇಬಲ್ ಆದ ಫೀಲ್ಡನ್ನು ಬ್ರೌಸರ್ ಕಳಿಸುವುದಿಲ್ಲ, ಫಾರ್ಮಿನ ಮಾಹಿತಿ ಒಟ್ಟುಮಾಡುವ ಜೆಕ್ವೆರಿಯ ಸೀರಿಯಲೈಸ್ ಮೆಥಡ್ ಕೂಡ ಬಿಟ್ಟುಬಿಡುತ್ತದೆ. ರೀಡ್‌ಓನ್ಲಿ ಎಂದು ಹಾಕಬೇಡಿ, ಅದು ಹೋಗುತ್ತದೆ. ಒಂದೊಂದೇ ಇನ್‌ಪುಟ್ ಹುಡುಕಿ ಡಿಸೇಬಲ್ ಮಾಡುವ ಕಷ್ಟವೂ ಬೇಡ. ಕನ್ನಡ ಭಾಗಕ್ಕೊಂದು, ಮಲಯಾಳ ಭಾಗಕ್ಕೊಂದು ಫೀಲ್ಡ್‌ಸೆಟ್ ಸುತ್ತಿ, ಪ್ರಾಪ್ ಮೆಥಡ್‌ನಿಂದ ಆ ಫೀಲ್ಡ್‌ಸೆಟ್ಟನ್ನೇ ಡಿಸೇಬಲ್ ಮಾಡಿದರೆ ಒಳಗಿನದೆಲ್ಲ ತಾನಾಗಿಯೇ ಡಿಸೇಬಲ್ ಆಗುತ್ತದೆ.

ಇದನ್ನು ಯಾವಾಗ ಮಾಡಬೇಕು ಅನ್ನುವುದರಲ್ಲಿಯೇ ಜಾಸ್ತಿ ಜನ ಎಡವುವುದು. ನೀವು ಸಬ್‌ಮಿಟ್ ಈವೆಂಟ್‌ನಲ್ಲಿ ಮಾಡಿದ್ದೀರಿ. ನಾಳೆ ಹೆಸರಿನ ಫೀಲ್ಡಿಗೆ ರಿಕ್ವೈರ್ಡ್ ಎಂದು ಸೇರಿಸಿ ನೋಡಿ. ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಸುಮ್ನೆ ಕೂತಿರುತ್ತದೆ. ಬ್ರೌಸರ್ ಮೊದಲು ಫೀಲ್ಡುಗಳನ್ನು ಪರೀಕ್ಷಿಸಿ, ಆಮೇಲೆ ಸಬ್‌ಮಿಟ್ ಈವೆಂಟ್‌ಗೆ ಬರುತ್ತದೆ. ಮರೆಯಾಗಿರುವ ಖಾಲಿ ಫೀಲ್ಡ್ ಅಲ್ಲೇ ತಡೆಯುತ್ತದೆ, ನಿಮ್ಮ ಕೋಡ್‌ವರೆಗೆ ವಿಷಯ ಬರುವುದೇ ಇಲ್ಲ. ಕ್ರೋಮ್‌ನಲ್ಲಾದರೆ ಇದರ ಸುಳಿವು ಕನ್ಸೋಲ್‌ನಲ್ಲಿ ಮಾತ್ರ ಕಾಣುತ್ತದೆ. ಡಿಸೇಬಲ್ ಆದ ಫೀಲ್ಡಿಗೆ ಈ ಪರೀಕ್ಷೆ ಇಲ್ಲ. ಹಾಗಾಗಿ ರೇಡಿಯೋ ಬಟನ್‌ನ ಚೇಂಜ್ ಈವೆಂಟ್‌ನಲ್ಲಿ ಹೈಡ್ ಮಾಡುವಾಗಲೇ ಡಿಸೇಬಲ್ ಮಾಡಿ, ಶೋ ಮಾಡುವಾಗ ಎನೇಬಲ್ ಮಾಡಿ. ಅದೇ ಫಂಕ್ಷನ್ನನ್ನು ವಿಂಡೋದ ಪೇಜ್‌ಶೋ ಈವೆಂಟ್‌ನಲ್ಲೂ ಒಂದು ಸಲ ಕರೆಯಿರಿ. ಪುಟ ಮೊದಲ ಸಲ ತೆರೆದಾಗಲೂ ಬ್ಯಾಕ್ ಒತ್ತಿ ಬಂದಾಗಲೂ ಅದು ಓಡುತ್ತದೆ.

ಸರ್ವರ್‌ನಲ್ಲೂ ಹೆಸರು ಖಾಲಿ ಇದ್ದರೆ ಸೇವ್ ಮಾಡದಂತೆ ನೋಡಿಕೊಳ್ಳಿ. ಆ ಒಂದು ಸಾಲು ಇದ್ದಿದ್ದರೆ ಈ ತಪ್ಪು ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಈಗಾಗಲೇ ಖಾಲಿ ಹೆಸರಿನಲ್ಲಿ ಬಂದ ಅರ್ಜಿಗಳಿಗಾಗಿ ಡೇಟಾಬೇಸ್ ಜಾಲಾಡಬೇಡಿ, ಆ ಹೆಸರುಗಳು ಅಲ್ಲಿಯವರೆಗೆ ತಲುಪಿಯೇ ಇಲ್ಲ. ಫೋನ್ ನಂಬರಿನ ಫೀಲ್ಡ್ ಎರಡೂ ಭಾಗಗಳ ಹೊರಗೆ ಇರುವುದರಿಂದ ಅದು ಬಂದಿರುತ್ತದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಹೆಸರು ಕೇಳಿ ಬರೆದುಕೊಳ್ಳಿ.