ಗುದ್ದಿದ ಕಾರಿನವರೇ ಆಸ್ಪತ್ರೆ ಬಿಲ್ ಕಟ್ಟುತ್ತೇನೆ ಅಂತಿದ್ದಾರೆ, ಆದರೂ ಕಂಪ್ಲೇಂಟ್ ಕೊಡಬೇಕಾ?

ಕೊಡಿ. ಇವತ್ತೇ ಕೊಡಿ.

ನಿಮ್ಮ ಯಜಮಾನರು ಪೀಣ್ಯದಲ್ಲಿ ಡ್ಯೂಟಿ ಮುಗಿಸಿ ಬೈಕಲ್ಲಿ ಬರುವಾಗ ಕಾರು ಗುದ್ದಿ ಕಾಲು ಮುರಿದಿದೆ, ಕಾರಿನವರು "ಕೇಸ್ ಎಲ್ಲಾ ಬೇಡ, ಖರ್ಚು ನಾನೇ ನೋಡ್ಕೋತೀನಿ" ಅಂದಿದ್ದಾರೆ ಅಂತ ಬರೆದಿದ್ದೀರಿ. ಇದೇ ಮಾತು ನಂಬಿ ನಾವು ಹನ್ನೊಂದು ದಿನ ಸುಮ್ಮನಿದ್ದೆವು.

2021ರಲ್ಲಿ ಜಾಲಹಳ್ಳಿ ಕ್ರಾಸ್ ಹತ್ತಿರ ನನ್ನ ತಮ್ಮನಿಗೆ ಹೀಗೇ ಆಯ್ತು. ತೊಡೆ ಮೂಳೆ ಮುರಿದು ರಾಡ್ ಹಾಕಿದರು. ಕಾರಿನವರು ಮೊದಲ ದಿನ ಬಂದು 20,000 ಅಡ್ವಾನ್ಸ್ ಕಟ್ಟಿದರು, ಅಮ್ಮನಿಗೆ ಧೈರ್ಯ ಹೇಳಿದರು. ಆಪರೇಷನ್ ಆದ ಮೇಲೆ ಫೋನ್ ಎತ್ತಲೇ ಇಲ್ಲ. ಡಿಸ್ಚಾರ್ಜ್ ದಿನ 2,86,000 ಬಾಕಿ. ಅಮ್ಮನ ಬಳೆ ಅಡ ಇಟ್ಟು ಕಟ್ಟಿದೆವು. ಕಂಪ್ಲೇಂಟ್ ಕೊಟ್ಟಿದ್ದು ಆಮೇಲೆ. ಕೋರ್ಟಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲರು ಹಿಡಿದಿದ್ದೂ ಅದನ್ನೇ: ಬೈಕ್ ಸ್ಕಿಡ್ ಆಗಿ ನೀವೇ ಬಿದ್ದು, ಹನ್ನೊಂದು ದಿನ ಬಿಟ್ಟು ಯಾವುದೋ ಕಾರಿನ ನಂಬರ್ ಸೇರಿಸಿದ್ದೀರಿ ಅಂತ. ನಮ್ಮನ್ನು ಉಳಿಸಿದ್ದು ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸ್ ಆಗುವಂಥ ಗಾಯಗಳನ್ನು ಬರೆದಿಡುವ) ರಿಜಿಸ್ಟರಿನ ಒಂದು ಸಾಲು. ಆ ರಾತ್ರಿಯೇ ಡ್ಯೂಟಿ ಡಾಕ್ಟರು ಕಾರು ಡಿಕ್ಕಿ ಅಂತ, ನಂಬರ್ ಸಮೇತ ಬರೆದಿದ್ದರು. ನಿಮ್ಮ ಕೇಸಲ್ಲಿ ಎಂಎಲ್‌ಸಿ ಆಗಿದೆಯಾ ಅಂತ ಮೊದಲು ಕೇಳಿ.

ಬಿಲ್ ವಿಷಯಕ್ಕೆ ಬರ್ತೀನಿ. ಕಾರಿನ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದ ದುಡ್ಡು ಬರುತ್ತೆ, ಆದರೆ ಕೋರ್ಟ್ ಆದೇಶ ಆದ ಮೇಲೆ. ನಮಗೆ ಎರಡೂವರೆ ವರ್ಷ ಹಿಡಿಯಿತು. ಬೆಂಗಳೂರಲ್ಲಿ ಈ ಕ್ಲೇಮ್‌ಗಳು ಸ್ಮಾಲ್ ಕಾಸಸ್ ಕೋರ್ಟಲ್ಲಿ ನಡೆಯುತ್ತವೆ. 2022ರ ಏಪ್ರಿಲ್‌ನಿಂದ ಕಾನೂನಲ್ಲಿ ಆಕ್ಸಿಡೆಂಟ್ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತಿದೆ, ಕಾಲು ವಾಸಿಯಾಗಲಿ ಆಮೇಲೆ ನೋಡೋಣ ಅಂತ ಕೂರಬೇಡಿ.

ಅಲ್ಲಿವರೆಗೆ ಕೈಯಿಂದ ಕಟ್ಟೋದು ತಪ್ಪಬೇಕಾದರೆ ಎರಡು ದಾರಿ ಇದೆ. ಯಜಮಾನರ ಪೇ ಸ್ಲಿಪ್ ತೆಗೆದು ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಕಟ್ ಆಗುತ್ತಿದೆಯಾ ನೋಡಿ. ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಆದ ಆಕ್ಸಿಡೆಂಟ್ ಕೂಡ ಕೆಲಸದ ಗಾಯವೇ, ಇಎಸ್‌ಐ ಚಿಕಿತ್ಸೆ ಕೊಡುತ್ತೆ, ರಜೆಯ ದಿನಗಳಿಗೆ ಸಂಬಳದ ಶೇಕಡಾ 90ರಷ್ಟು ಕೂಡ ಸಿಗುತ್ತೆ. ಫ್ಯಾಕ್ಟರಿಯವರು ಆಕ್ಸಿಡೆಂಟ್ ರಿಪೋರ್ಟ್ ಕಳಿಸಬೇಕು, ಎಚ್‌ಆರ್ ಹಿಂದೆ ಬೀಳಿ. ಇನ್ನೊಂದು, 2025ರ ಮೇ ತಿಂಗಳಲ್ಲಿ ಬಂದ, ರಸ್ತೆ ಆಕ್ಸಿಡೆಂಟ್ ಆದವರಿಗೆ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ. ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನಕ್ಕೆ 1.5 ಲಕ್ಷದವರೆಗೆ. ಬಿಲ್ಲಿಂಗ್ ಕೌಂಟರಲ್ಲಿ ಬಾಯಿಬಿಟ್ಟು ಕೇಳಿ, ಅವರಾಗಿ ಹೇಳೋದು ಕಡಿಮೆ.

ಆಮೇಲೆ ಮೆಡಿಕಲ್ ಶಾಪ್ ಬಿಲ್‌ಗಳು. ಅಮ್ಮ ಎಲ್ಲಾ ಬಿಲ್ ಜೋಪಾನವಾಗಿ ಸೀರೆ ಕವರಲ್ಲಿ ಹಾಕಿ ಬೀರುವಲ್ಲಿ ಇಟ್ಟಿದ್ದರು. ಎಂಟು ತಿಂಗಳಾದ ಮೇಲೆ ತೆಗೆದರೆ ಆ ನುಣುಪು ಕಾಗದದ ಬಿಲ್‌ಗಳಲ್ಲಿ ಅರ್ಧಕ್ಕರ್ಧ ಬಿಳಿ ಚೀಟಿ, ಅಕ್ಷರವೇ ಇಲ್ಲ. ಹತ್ತಿರ ಹತ್ತಿರ 14,000 ಹಾಗೇ ಹೋಯ್ತು. ಬಿಲ್ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಒರಿಜಿನಲ್ ಜೊತೆ ಪಿನ್ ಮಾಡಿಡಿ. ಆಂಬುಲೆನ್ಸ್, ಫಿಸಿಯೋಥೆರಪಿ ರಸೀದಿಗಳೂ ಬೇಕು.

ಕಾರಿನವರು ಸ್ಟಾಂಪ್ ಪೇಪರ್ ತಂದು ರಾಜಿ ಆಗೋಣ ಅಂದರೆ ಸೈನ್ ಹಾಕಬೇಡಿ. ಇನ್ನೊಂದು ವಿಷಯ, ಕಂಪ್ಲೇಂಟ್ ಕೊಡಬೇಕಾದ್ದು ಆಕ್ಸಿಡೆಂಟ್ ಆದ ಜಾಗಕ್ಕೆ ಸೇರಿದ ಟ್ರಾಫಿಕ್ ಪೊಲೀಸ್ ಸ್ಟೇಷನ್ನಿನಲ್ಲಿ. ಕಂಪ್ಲೇಂಟ್ ಕೊಟ್ಟವರಿಗೆ ಎಫ್‌ಐಆರ್ ಕಾಪಿ ಫ್ರೀಯಾಗಿ ಕೊಡಬೇಕು, ಅದು ಕೈಗೆ ಬರೋವರೆಗೂ ಅಲ್ಲಿಂದ ಎದ್ದು ಬರಬೇಡಿ.